ಸಿಎನ್‌ಸಿ ಕಟ್ಟುವವರಿಗೆ: ಟ್ರಾನ್ಸ್‌ಫಾರ್ಮರ್ ಸೂತ್ರಗಳು

ಬಾಗಿಲಿಗೆ ಬಳ್ಳಿ ಕೆತ್ತುವ ಪುಟ್ಟ ಸಿಎನ್‌ಸಿಯನ್ನು ಮನೆಯಲ್ಲೇ ಕಟ್ಟುತ್ತಿದ್ದೀರಾ? ಇಲ್ಲಿನ ಲೆಕ್ಕ ಮೂರು ಸ್ಟೆಪ್ಪರ್ ಮೋಟಾರುಗಳದ್ದು, ತಲಾ 3 ಆಂಪಿಯರ್.

1. ಮೊದಲು ಪ್ಲಗ್ಗಿನ ವೋಲ್ಟೇಜ್ ಅಳೆಯಿರಿ. ಕಾಗದದ ಮೇಲೆ ಅದು 230. ಸಿಂಧನೂರಿನ ಅಕ್ಕಿ ಗಿರಣಿಗಳ ಆಸುಪಾಸಿನಲ್ಲಿ, ಲಿಂಗಸುಗೂರಿನ ಕಡೆಯ ಪಂಪ್‌ಸೆಟ್ ಲೈನುಗಳಲ್ಲಿ ದೊಡ್ಡ ಮೋಟಾರುಗಳು ಚಾಲೂ ಆದಾಗ ಕುಸಿಯಬಹುದು, ನಡುರಾತ್ರಿ ಏರಬಹುದು. ಎರಡೂ ಅಂಕಿ ಬರೆದಿಡಿ.

2. ಡ್ರೈವರಿನ ಮಿತಿಯಿಂದ (ಇಲ್ಲಿ 42 ವೋಲ್ಟ್) ಹಿಂದಕ್ಕೆ ಬನ್ನಿ. 24 ವೋಲ್ಟ್ ಸೆಕೆಂಡರಿಯನ್ನು 1.414ರಿಂದ ಗುಣಿಸಿದರೆ 34. ಬ್ರಿಜ್ ಡಯೋಡುಗಳು ಒಂದೂವರೆ ವೋಲ್ಟ್ ನುಂಗಿ ಉಳಿಯುವುದು 32.5 ಡಿಸಿ. ಲೈನು 253ಕ್ಕೆ ಏರಿದರೆ 36. ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ಇನ್ನೂ ಶೇಕಡಾ 5ರಿಂದ 10 ಏರಿಸುತ್ತದೆ, ಅಂದರೆ 39ರ ಆಸುಪಾಸು. 42 ವೋಲ್ಟಿನ ಡ್ರೈವರ್ ಬದುಕಿತು. ‘ಸ್ಪೀಡ್ ಬರಲಿ’ ಅಂತ 28ರದ್ದು ಹಾಕಿದಿರೋ, ಡ್ರೈವರ್ ಸುಟ್ಟಿತೆಂದೇ ಲೆಕ್ಕ. ಲೈನು 190ಕ್ಕೆ ಇಳಿದರೆ ಸಿಗುವುದು 26.6. ಮೋಟಾರು ತಿರುಗುತ್ತದೆ, ಆದರೆ ವೇಗದಲ್ಲಿ ಬಲ ಕುಂದಿ ಹೆಜ್ಜೆ ತಪ್ಪಿಸುತ್ತದೆ, ಬಳ್ಳಿ ಸೊಟ್ಟಗಾಗುತ್ತದೆ.

3. ಆಂಪಿಯರುಗಳನ್ನು ಸುಮ್ಮನೆ ಕೂಡಬೇಡಿ. ಒಟ್ಟು 9ರಲ್ಲಿ ಮೂರನೇ ಎರಡು ಭಾಗ ಸಾಕು: 6. ಆದರೆ ಕೆಪಾಸಿಟರು ಕರೆಂಟನ್ನು ತುಂಡುತುಂಡಾಗಿ, ಜೋರಾಗಿ ಎಳೆಯುವುದರಿಂದ ಅದನ್ನು 1.6ರಿಂದ ಗುಣಿಸಿ, ಸುಮಾರು 10. ಹತ್ತು ಇಪ್ಪತ್ನಾಲ್ಕಲೆ 240 ವಿಎ. ತರಬೇಕಾದದ್ದು 300. ಮಸ್ಕಿಯ ಮೇ ತಿಂಗಳ ತಗಡಿನ ಶೆಡ್ಡಿನಲ್ಲಿ ಈ ಹೆಚ್ಚುವರಿ ದುಂದಲ್ಲ.

4. ಕೆಪಾಸಿಟರ್ 20,000 ಮೈಕ್ರೊಫ್ಯಾರಡ್, 63 ವೋಲ್ಟ್. ಅದಕ್ಕೆ ಅಡ್ಡಲಾಗಿ 1 ಕಿಲೊಓಮ್, 5 ವಾಟ್ ರೆಸಿಸ್ಟರ್ ಹಾಕಿ; ಆಫ್ ಮಾಡಿ ಎರಡು ನಿಮಿಷ ಕಳೆಯುವವರೆಗೆ ಕೈ ಹಾಕಬೇಡಿ.

5. ಪ್ರೈಮರಿಗೆ 2.5 ಆಂಪಿಯರ್ ಸ್ಲೋಬ್ಲೋ ಫ್ಯೂಸ್. ಯಂತ್ರದ ಮೈಗೆ ಅರ್ಥಿಂಗ್.

6. ಸ್ಪಿಂಡಲ್‌ಗೆ ಬೇರೆ ಸಪ್ಲೈ. ಇದರಲ್ಲಿ ಚೌಕಾಸಿ ಇಲ್ಲ.

7. ಪಂಪ್‌ಸೆಟ್ ಮೋಟಾರು ಸುತ್ತುವ ವೈಂಡಿಂಗ್ ಅಂಗಡಿಯಲ್ಲಿ ಕೇಳಿ ನೋಡಿ. ಟ್ರಾನ್ಸ್‌ಫಾರ್ಮರ್ ಸುತ್ತಿ ಅಭ್ಯಾಸವಿರುವವರು ಸಿಗಬಹುದು. ‘24 ವೋಲ್ಟಿನದು’ ಎಂದಷ್ಟೇ ಹೇಳಿ ಬರಬೇಡಿ. 300 ವಿಎ, ಸೆಕೆಂಡರಿ 24 ವೋಲ್ಟ್, 12.5 ಆಂಪಿಯರ್, ಪೂರ್ತಿ ತಾಮ್ರ, ಪ್ರೈಮರಿಯಲ್ಲಿ 230ರ ಜೊತೆ 210ರ ಟ್ಯಾಪ್ ಎಂದು ಚೀಟಿ ಬರೆದು ಕೊಡಿ. ಹಗಲೂ ರಾತ್ರಿ ವೋಲ್ಟೇಜ್ ತಗ್ಗಿಯೇ ಇರುವ ಊರಿಗೆ ಆ ಟ್ಯಾಪ್ ವರ. ರಾತ್ರಿ 250 ಮುಟ್ಟುವಲ್ಲಿ ಅದಕ್ಕೆ ಜೋಡಿಸಿದರೆ ಡಿಸಿ 42ನ್ನೂ ದಾಟಬಹುದು; ಅಂಥಲ್ಲಿ 230ಕ್ಕೇ ಜೋಡಿಸಿ, ಮುಂದೊಂದು ಸ್ಟೆಬಿಲೈಜರ್ ಇಡಿ.