ಮೊದಲು ಪಶುವೈದ್ಯರು, ಆಮೇಲೆ ಕೆಲಸದ ತಾರೀಖು



ಇಂಗ್ಲೆಂಡಿನ ಕೆಲಸ ಬಿಟ್ಟು ಜರ್ಮನಿಯ ಕಲೋನ್ ಸೇರುವ ನೀನು ನಿನ್ನ ಲ್ಯಾಬ್ರಡಾರ್ ನಾಯಿಯನ್ನೂ ಕಾರಿನಲ್ಲೇ ಕರೆದೊಯ್ಯುತ್ತೀಯೆಂದು ಕೇಳಿ ಸಮಾಧಾನವಾಯಿತು. ಅಷ್ಟು ದೊಡ್ಡ ನಾಯಿಯನ್ನು ವಿಮಾನದಲ್ಲಿ ಸಾಮಾನ್ಯವಾಗಿ ಪ್ರಯಾಣಿಕರ ಜೊತೆ ಬಿಡುವುದಿಲ್ಲ. ಕೆಳಗಿನ ಸರಕಿನ ಭಾಗದಲ್ಲಿ, ಪೆಟ್ಟಿಗೆಯೊಳಗೆ ಒಂಟಿಯಾಗಿ ಕಳಿಸಬೇಕು. ಕಾರೇ ಮೇಲು. ಆದರೆ ಕಾರಿಗಿಂತ ಮೊದಲು ಕಾಗದ.

2000ನೇ ಇಸವಿಯ ಫೆಬ್ರವರಿವರೆಗೆ ಯುರೋಪಿನಿಂದ ಬ್ರಿಟನ್ನಿಗೆ ಬರುವ ನಾಯಿಗಳು 6 ತಿಂಗಳು ಕ್ವಾರಂಟೈನ್‌ನಲ್ಲಿ ಕಳೆಯಬೇಕಿತ್ತು. ಆಮೇಲೆ ಸಾಕುಪ್ರಾಣಿಗಳಿಗೇ ಪಾಸ್‌ಪೋರ್ಟ್ ಬಂತು, ಓಡಾಟ ಸಲೀಸಾಯಿತು. ಬ್ರಿಟನ್ ಯುರೋಪ್ ಒಕ್ಕೂಟದಿಂದ ಹೊರಬಂದದ್ದರಿಂದ, 2021ರ ಜನವರಿ 1ರಿಂದ ಇಂಗ್ಲೆಂಡಿನಲ್ಲಿ ಕೊಟ್ಟ ಆ ಪಾಸ್‌ಪೋರ್ಟ್ ಯುರೋಪಿನಲ್ಲಿ ನಡೆಯುವುದಿಲ್ಲ. ಅದರ ಬದಲು ಅಧಿಕೃತ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಬೇಕು. ಅದನ್ನು ಯುರೋಪ್ ಪ್ರವೇಶಿಸುವ ದಿನಕ್ಕೆ ಮುಂಚಿನ 10 ದಿನಗಳೊಳಗೇ ಮಾಡಿಸಬೇಕು.

ಎಡವುವುದು ಇಲ್ಲೇ. ಮೊದಲು ಮೈಕ್ರೋಚಿಪ್, ಆಮೇಲೆ ರೇಬೀಸ್ ಲಸಿಕೆ. ಚಿಪ್ಪಿಗಿಂತ ಮುಂಚೆ ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ. ಮೊದಲ ಲಸಿಕೆಯಾದರೆ ಪೂರ್ತಿ 21 ದಿನ ಕಾಯಬೇಕು. ಬೂಸ್ಟರ್‌ನ ತಾರೀಖು ಮೀರಿ ಹಾಕಿಸಿದರೂ ಅದು ಮೊದಲ ಲಸಿಕೆಯೇ, 21 ದಿನದ ಎಣಿಕೆ ಮತ್ತೆ ಶುರು. ವೈದ್ಯರು ನಾಯಿಯ ಭುಜಗಳ ನಡುವೆ ಸ್ಕ್ಯಾನರ್ ಆಡಿಸಿದಾಗ 15 ಅಂಕಿಯ ಸಂಖ್ಯೆ ಮೂಡುತ್ತದೆ. ಆ ಸಂಖ್ಯೆಯನ್ನು ಪ್ರಮಾಣಪತ್ರದ ಜೊತೆ ಅಂಕಿ ಅಂಕಿಯಾಗಿ ಹೋಲಿಸಿ ನೋಡಬೇಕು, ಅದೂ ವೈದ್ಯರ ಎದುರಿಗೇ. ಇನ್ನೊಂದು ಸೂಕ್ಷ್ಮವಿದೆ: ಹೋಗುವುದು ಜರ್ಮನಿಗಾದರೂ ಕಾರು ಮೊದಲು ಕಾಲಿಡುವುದು ಫ್ರಾನ್ಸಿನಲ್ಲಿ. ಆದ್ದರಿಂದ ಪ್ರಮಾಣಪತ್ರ ಇಂಗ್ಲಿಷ್ ಜೊತೆಗೆ ಫ್ರೆಂಚಿನಲ್ಲಿರಬೇಕು, ಜರ್ಮನ್‌ನಲ್ಲಲ್ಲ.

ಫೋಕ್‌ಸ್ಟನ್‌ನಿಂದ ಕಾಲೇಗೆ ಸುರಂಗದ ರೈಲಿನಲ್ಲಿ 35 ನಿಮಿಷ. ಕಾರು ರೈಲಿನೊಳಗೇ ಹೋಗುತ್ತದೆ, ನಾಯಿ ಒಡೆಯನ ಪಕ್ಕದಲ್ಲೇ ಇರುತ್ತದೆ. ಹಡಗಿಗಿಂತ ಇದು ದೊಡ್ಡ ನಾಯಿಗೆ ಎಷ್ಟೋ ಹಿತ. ಕಾಲೇಯಿಂದ ಕಲೋನ್‌ಗೆ ರಸ್ತೆಯಲ್ಲಿ ಸುಮಾರು 400 ಕಿಲೋಮೀಟರ್.

ನಮ್ಮ ಮನೆಗಳಲ್ಲಿ ನಾಯಿಗೂ ಮೊಸರನ್ನ ಹಾಕಿ ಸಾಕುತ್ತಾರೆ. ಪ್ರಯಾಣಕ್ಕೂ ಒಂದು ಡಬ್ಬಿ ಕಟ್ಟಿಕೊಳ್ಳುವ ಆಸೆಯಾಗುವುದು ಸಹಜ. ಬೇಡ. ಬ್ರಿಟನ್ನಿನಿಂದ ಯುರೋಪಿಗೆ ಹಾಲು, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಮಾಂಸವಿರುವ ನಾಯಿ ಆಹಾರದ ಚೀಲವೂ ಅದರಲ್ಲೇ ಸೇರಿತು. ವೈದ್ಯಕೀಯ ಕಾರಣಕ್ಕೆ ಬೇಕಾದ ವಿಶೇಷ ಆಹಾರಕ್ಕೆ ಮಾತ್ರ 2 ಕಿಲೋವರೆಗೆ ವಿನಾಯಿತಿ.

ಊಟದ ಹೊತ್ತೂ ಮುಖ್ಯ. ಗ್ರೇಟ್ ಡೇನ್, ಜರ್ಮನ್ ಶೆಫರ್ಡ್‌ನಂಥ ಆಳ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ಜಠರ ತಿರುಚಿಕೊಳ್ಳುವ ಅಪಾಯ ಹೆಚ್ಚು. ಯಾವ ದೊಡ್ಡ ನಾಯಿಗೇ ಆಗಲಿ, ಹೊರಡುವ ಕೆಲವು ಗಂಟೆ ಮೊದಲೇ ಹಗುರವಾಗಿ ತಿನ್ನಿಸಿ, ದಾರಿಯಲ್ಲಿ ಆಗಾಗ ಸ್ವಲ್ಪ ಸ್ವಲ್ಪ ನೀರು ಕೊಡಬೇಕು. ವಾಂತಿಗೆ ಒದ್ದಾಡಿದರೂ ಏನೂ ಬರದೆ ಹೊಟ್ಟೆ ಬಿಗಿಯಾದರೆ ತಡ ಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ಓಡಬೇಕು. ಅಲ್ಲಿ ಒಂದೊಂದು ಗಂಟೆಯೂ ಪ್ರಾಣದ ಲೆಕ್ಕ.

ಜರ್ಮನಿಯ ಸಂಚಾರ ನಿಯಮದಲ್ಲಿ ಕಾರೊಳಗಿನ ನಾಯಿಯನ್ನು ಸರಕಿನಂತೆಯೇ ಭದ್ರಪಡಿಸಬೇಕು. ಮಾತು ಒರಟು, ಆದರೆ ಸರಿ. ಬ್ರೇಕ್ ಒತ್ತಿದಾಗ ಹಿಂದಿನಿಂದ ಹಾರಿ ಬರುವ ನಾಯಿ ತನ್ನ ಕತ್ತನ್ನೂ ಮುಂದೆ ಕೂತವರ ಕತ್ತನ್ನೂ ಮುರಿಯಬಲ್ಲದು. ಡಿಕ್ಕಿಯಲ್ಲಿ ಗಟ್ಟಿಯಾಗಿ ಬಿಗಿದ ಕ್ರೇಟ್ ಒಳ್ಳೆಯದು. ಹೋಟೆಲಿನ ಮುಂದೆ ನಿಲ್ಲಿಸಿ ನಾಯಿಯೊಂದನ್ನೇ ಬಿಟ್ಟು ಒಳಗೆ ಹೋಗುವುದು ಕೂಡದು. ಹೊರಗೆ ಬರೀ 22 ಡಿಗ್ರಿ ಇದ್ದಾಗಲೂ ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ 47 ಡಿಗ್ರಿ ಮುಟ್ಟಬಹುದೆಂದು ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ ಎಚ್ಚರಿಸುತ್ತಲೇ ಬಂದಿದೆ.

ತಲುಪಿದ ಮೇಲೂ ಕೆಲಸವಿದೆ. ಕಲೋನ್ ಇರುವ ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯದಲ್ಲಿ 40 ಸೆಂಟಿಮೀಟರ್ ಎತ್ತರ ಅಥವಾ 20 ಕಿಲೋ ತೂಕ ಮುಟ್ಟಿದ ನಾಯಿ ಕಾನೂನಿನ ಕಣ್ಣಿಗೆ ದೊಡ್ಡ ನಾಯಿ. ಅದರ ಒಡೆಯ ಸ್ಥಳೀಯ ಕಚೇರಿಗೆ ತಿಳಿಸಬೇಕು, ನಾಯಿ ಸಾಕುವ ತಿಳಿವಳಿಕೆ ತನಗಿದೆಯೆಂದು ತೋರಿಸಬೇಕು, ನಾಯಿಯಿಂದ ಪರರಿಗಾಗುವ ಹಾನಿಗೆ ವಿಮೆ ಮಾಡಿಸಬೇಕು. ನಗರಕ್ಕೆ ನಾಯಿ ತೆರಿಗೆಯೂ ಉಂಟು. ಅಲ್ಲಿನ ಪಶುವೈದ್ಯರಿಂದ ಯುರೋಪಿನ ಪಾಸ್‌ಪೋರ್ಟ್ ಮಾಡಿಸಿಕೊಂಡರೆ ಮುಂದಿನ ಓಡಾಟ ಸುಲಭ.

‘ನಾನು ಮೊದಲು ಹೋಗಿ ಮನೆ ಹುಡುಕುತ್ತೇನೆ, ನಾಯಿಯನ್ನು ಆಮೇಲೆ ಯಾರಾದರೂ ತರಲಿ’ ಎಂದುಕೊಳ್ಳುವವರು ಬಹಳ. ಒಡೆಯನ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ 5 ದಿನಕ್ಕಿಂತ ಹೆಚ್ಚು ಅಂತರವಾದರೆ ಅದು ವ್ಯಾಪಾರದ ಸಾಗಣೆಯ ನಿಯಮಕ್ಕೆ ಒಳಪಡುತ್ತದೆ, ಕಾಗದಪತ್ರವೆಲ್ಲ ಬೇರೆ. ಅದಕ್ಕೇ ಹೇಳುತ್ತಿದ್ದೇನೆ ಮಗಾ, ಲಸಿಕೆಯ ದಿನಗಳು ಹೊಂದದಿದ್ದರೆ ಕಂಪನಿಯವರನ್ನು ಕೇಳಿ ಸೇರುವ ತಾರೀಖನ್ನೇ ಮುಂದೂಡಿಸಿಕೊ. ಇಬ್ಬರೂ ಒಟ್ಟಿಗೇ ಹೊರಡಿ.

ಇಂತು ನಿನ್ನ
ದೊಡ್ಡಪ್ಪ