ಅಡಿಟಿಪ್ಪಣಿಯ ಕಳವು

ಕನ್ನಡ ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧ, ಪಿಎಚ್.ಡಿ. ಮಹಾಪ್ರಬಂಧಗಳನ್ನು ಓದಿ ಓದಿ ನನಗೊಂದು ಚಾಳಿ ಅಂಟಿಕೊಂಡಿದೆ. ಮೊದಲ ಅಧ್ಯಾಯಕ್ಕೂ ಮುಂಚೆ ಅಡಿಟಿಪ್ಪಣಿಗಳನ್ನು ನೋಡುತ್ತೇನೆ. ಬರೆದವರು ಪುಸ್ತಕ ತೆರೆದಿದ್ದಾರೋ, ತೆರೆದವರನ್ನು ನೋಡಿ ಬರೆದಿದ್ದಾರೋ ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ.

ವಿದ್ಯಾರ್ಥಿಗಳ ಭಯ ಮಾತ್ರ ಬೇರೆ. 'ಸರ್, ಎಷ್ಟು ಪರ್ಸೆಂಟ್ ಬಂದ್ರೆ ತೊಂದ್ರೆ ಇಲ್ಲ?' ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮಾವಳಿ ಎಲ್ಲರಿಗೂ ಬಾಯಿಪಾಠ. ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. 40ರವರೆಗೆ ಹೋದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60ರವರೆಗೆ ಹೋದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವಂತಿಲ್ಲ, ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಆಕರ ಹೇಳಿ ಉದ್ಧರಿಸಿದ್ದು ಈ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಅದರ ಬದಲು 'ಆದ್ದರಿಂದ' ಇದ್ದಲ್ಲಿ 'ಹಾಗಾಗಿ', 'ಕವಿ' ಇದ್ದಲ್ಲಿ 'ಕಾವ್ಯಕರ್ತೃ' ಎಂದು ತಿರುಚಿ ಅಂಕಿ ಇಳಿಸುತ್ತಾರೆ. ವಾದ ಇನ್ನೊಬ್ಬರದು, ಉದಾಹರಣೆಗಳ ಸರಣಿಯೂ ಅವರದೇ, ಹೆಸರು ಮಾತ್ರ ನಾಪತ್ತೆ. ಎರಡು ಉದ್ಧರಣ ಚಿಹ್ನೆ, ಒಂದು ಪುಟಸಂಖ್ಯೆ ಹಾಕುವುದು ಇದಕ್ಕಿಂತ ಎಷ್ಟೋ ಸಲೀಸು.

ಅಂದಹಾಗೆ, ಕನ್ನಡ ಪ್ರಬಂಧಕ್ಕೆ ಸೊನ್ನೆ ಬಂತೆಂದು ಯಾರಾದರೂ ಬೀಗಿದರೆ ಟೈಪು ಮಾಡಿಸಿದ ಫಾಂಟ್ ಯಾವುದೆಂದು ಮೊದಲು ಕೇಳುತ್ತೇನೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಾದರೆ ಹೋಲಿಕೆ ಹುಡುಕುವ ತಂತ್ರಾಂಶಕ್ಕೆ ಕಾಣುವುದು ಕನ್ನಡವಲ್ಲ, ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ಫಾಂಟ್ ಸರಿಯಿದ್ದರೂ ಯಂತ್ರ ಹಿಡಿಯಲಾರದ ಕಳವೊಂದಿದೆ. ಅದು ಅಡಿಟಿಪ್ಪಣಿಯನ್ನೇ ಎತ್ತುವುದು. ಒಂದು ಉದಾಹರಣೆ. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟ ಶ್ರವಣಬೆಳಗೊಳದ್ದು. ಬಿ.ಎಲ್. ರೈಸ್ 1889ರಲ್ಲಿ ತಂದಾಗ ಅದರಲ್ಲಿದ್ದದ್ದು 144 ಶಾಸನಗಳು. ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ 500 ಆದವು, ಕ್ರಮಸಂಖ್ಯೆಗಳೆಲ್ಲ ಬದಲಾದವು. ಮಲ್ಲಿಷೇಣ ಪ್ರಶಸ್ತಿ ರೈಸರಲ್ಲಿ 54ನೆಯದು, ನರಸಿಂಹಾಚಾರರಲ್ಲಿ 67. ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕರಣೆಯೂ ಬಂತು. ನನ್ನ ವಿದ್ಯಾರ್ಥಿಯೊಬ್ಬ ಅಡಿಟಿಪ್ಪಣಿಯಲ್ಲಿ 54 ಎಂದು ಬರೆದು, ಗ್ರಂಥಸೂಚಿಯಲ್ಲಿ 1923ರ ಮುದ್ರಣ ಕೊಟ್ಟಿದ್ದ. 'ಸಂಪುಟ ತಗೊಂಡು ಬಾರಪ್ಪ, ಒಟ್ಟಿಗೆ ನೋಡೋಣ' ಎಂದೆ. ತೆಗೆದು ನೋಡಿದರೆ ಅಲ್ಲಿ ಬೇರೆಯದೇ ಶಾಸನ. ಅಂಕಿ ಅವನ ಊಹೆಯಲ್ಲ. ಹಳೆಯ ಪ್ರಬಂಧವೊಂದರಿಂದ ಇಳಿಸಿಕೊಂಡಿದ್ದ, ರೈಸರ ಮುದ್ರಣ ಬಳಸಿದ್ದ ಆ ಪ್ರಬಂಧದಲ್ಲಿ ಅದು ಸರಿಯಾಗಿಯೇ ಇತ್ತು. ಸಂಪುಟವನ್ನು ತಾನೇ ನೋಡಿದಂತೆ ಕಾಣಲಿ ಎಂದು ಕೈಗೆ ಸಿಕ್ಕ ಮುದ್ರಣದ ವರ್ಷ ಸೇರಿಸಿದ್ದ, ಅಲ್ಲಿ ಸಿಕ್ಕಿಬಿದ್ದ.

'ಉದ್ಧೃತ' ಎಂದು ಹಾಕಿ ಆ ಪ್ರಬಂಧದ ಹೆಸರು, ಪುಟ ಕೊಟ್ಟಿದ್ದರೆ ನನ್ನ ತಕರಾರೇ ಇರಲಿಲ್ಲ. ಮೂಲ ನೋಡಿಲ್ಲ ಎಂದು ಒಪ್ಪಿಕೊಂಡರೆ ಮರ್ಯಾದೆ ಕಡಿಮೆಯಾಗುತ್ತದೆಂದು ಹುಡುಗರು ತಿಳಿದಿದ್ದಾರೆ. ಪರೀಕ್ಷಕನಾಗಿ ಹೇಳುತ್ತೇನೆ, ಹಾಗೆ ಬರೆದವರ ಉಳಿದ ಟಿಪ್ಪಣಿಗಳ ಮೇಲೆ ನನ್ನ ನಂಬಿಕೆ ಹೆಚ್ಚುತ್ತದೆ.

ವಚನಗಳದು ಇನ್ನೊಂದು ಪಾಡು. ವಾಟ್ಸಾಪಿನಲ್ಲಿ ಬಂದ ನಾಲ್ಕು ಸಾಲಿನ ಕೆಳಗೆ 'ಬಸವಣ್ಣ' ಎಂದಿದ್ದರೆ ಸಾಕು, ಪ್ರಬಂಧಕ್ಕೆ ಸೇರಿಬಿಡುತ್ತದೆ. ಕೊನೆಗೊಂದು ಅಂಕಿತ ಅಂಟಿಸುವುದು ಯಾರಿಗೆ ಕಷ್ಟ? ರಾಜ್ಯ ಸರ್ಕಾರವೇ ತಂದ ಸಮಗ್ರ ವಚನ ಸಂಪುಟಗಳಿವೆ, ವಚನಗಳಿಗೆ ಸಂಖ್ಯೆಯಿದೆ. ಸಂಪುಟ, ವಚನಸಂಖ್ಯೆ, ಮುದ್ರಣದ ವರ್ಷ, ಇಷ್ಟು ಬರೆದರೆ ಪಾಠಾಂತರದ ಜಗಳವೂ ಅರ್ಧ ಕಡಿಮೆಯಾಗುತ್ತದೆ. ಹುಡುಕಿಯೂ ಸಿಗದಿದ್ದರೆ ಬಿಟ್ಟುಬಿಡಿ ಎನ್ನುತ್ತೇನೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸುವುದು ಜಾನಪದದ ಪ್ರಬಂಧಗಳು. ಮಲೆಯ ಮಾದೇಶ್ವರ ಕಾವ್ಯದಿಂದ ಪುಟಗಟ್ಟಲೆ ಎತ್ತಿ ಸಂಪಾದಕ ಕೆ. ಕೇಶವನ್ ಪ್ರಸಾದರ ಹೆಸರಷ್ಟೇ ಕೊಡುತ್ತಾರೆ. ಹಾಡಿದ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು? ಪುಸ್ತಕದಲ್ಲೇ ಅವರ ಹೆಸರಿದೆ, ಟಿಪ್ಪಣಿಗೆ ಬರುವಷ್ಟರಲ್ಲಿ ಉದುರಿಹೋಗಿರುತ್ತದೆ. ಸ್ವಂತ ಕ್ಷೇತ್ರಕಾರ್ಯ ಮಾಡಿದವರೂ ಮೇಲಲ್ಲ, ಹತ್ತಾರು ಹಾಡು ಬರೆದುಕೊಂಡು ಬಂದು 'ಗ್ರಾಮಸ್ಥರಿಂದ ಸಂಗ್ರಹ' ಎಂದು ಮುಗಿಸಿರುತ್ತಾರೆ. ಓದುಬರಹ ಬಾರದ ವಕ್ತೃ ಬಂದು ಕೇಳಲಾರರು, ತಂತ್ರಾಂಶದಲ್ಲಿ ಅವರ ಹಾಡೂ ಇರುವುದಿಲ್ಲ. ಹಾಗಾಗಿ ನನ್ನಲ್ಲಿ ಪ್ರಬಂಧ ಮಾಡುವವರು ಗ್ರಂಥಸೂಚಿಯ ಪಕ್ಕದಲ್ಲೇ ವಕ್ತೃಗಳ ಪಟ್ಟಿಯನ್ನೂ ಕೊಡಬೇಕು. ಹೆಸರು, ವಯಸ್ಸು, ಊರು, ಹಾಡಿಸಿಕೊಂಡ ದಿನಾಂಕ, ಅವರ ಒಪ್ಪಿಗೆ.

'ಸೋಬಾನೆ ಪದ ನಮ್ಮಜ್ಜೀನೇ ಹೇಳಿದ್ದು ಸರ್, ಮನೆಯವರ ಹೆಸರೂ ಹಾಕ್ಬೇಕಾ?' ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಹಾಕಮ್ಮ ಎಂದೆ. ಅಜ್ಜಿಯ ವಯಸ್ಸು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 'ಸುಮಾರು ಎಂಬತ್ತು' ಎಂದು ಬರೆಸಿದೆವು.