ಕಾಯಲಾರದ ಹೊಟ್ಟೆನೋವು ಮತ್ತು ನಿಲ್ಲಿಸಿ ತೆಗೆಯುವ ಎಕ್ಸ್-ರೇ



ವಾರದ ಸಭೆಯಲ್ಲಿ ಉಳಿತಾಯ, ಸಾಲ ಮರುಪಾವತಿಯ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಆರೋಗ್ಯದ ಮಾತಿಗೆ ಇಡಿ. ಈ ಸಲದ ಪಾಠ ಹೊಟ್ಟೆನೋವಿನ ಬಗ್ಗೆ. ಹೊಟ್ಟೆನೋವು ಯಾರಿಗೆ ಬರಲ್ಲ ಹೇಳಿ? ಹೆಚ್ಚಿನವು ಜೀರಿಗೆ ಕಷಾಯಕ್ಕೋ ಒಂದು ಹೊತ್ತಿನ ಗಂಜಿಗೋ ಇಳಿಯುತ್ತವೆ. ಆದರೆ ಜಠರ ಅಥವಾ ಕರುಳು ತೂತಾಗಿ ಬರುವ ನೋವು ಮನೆಮದ್ದಿಗೆ ಕಾಯುವುದಿಲ್ಲ.

ತೂತು ಬೀಳುವುದು ಯಾಕೆ?

ಜಠರದ ಹುಣ್ಣು (ಅಲ್ಸರ್) ಆಳಕ್ಕೆ ಹೋದರೆ ಗೋಡೆ ತೂತಾಗುತ್ತದೆ. ಮೈಕೈ ನೋವು, ಮಂಡಿನೋವು ಅಂತ ಅಂಗಡಿಯಿಂದ ತಂದು ದಿನವೂ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆಗಳು ಹುಣ್ಣಿಗೆ ದೊಡ್ಡ ಕಾರಣ. ಬೀಡಿ, ಸಿಗರೇಟು ಸೇದುವವರಿಗೂ ಅಪಾಯ ಹೆಚ್ಚು. ಟೈಫಾಯಿಡ್ ಜ್ವರಕ್ಕೆ ಸರಿಯಾದ ಚಿಕಿತ್ಸೆ ಸಿಗದಿದ್ದರೆ ಎರಡನೇ, ಮೂರನೇ ವಾರದಲ್ಲಿ ಸಣ್ಣ ಕರುಳು ತೂತಾಗಬಹುದು. ಹೊಟ್ಟೆಗೆ ಬಲವಾದ ಪೆಟ್ಟು ಬಿದ್ದರೂ ಹೀಗಾಗುತ್ತದೆ.

ಆಗ ಒಳಗಿನ ಆಮ್ಲ, ಆಹಾರ, ಮಲ ಹೊಟ್ಟೆಯ ಪೊಳ್ಳಿಗೆ ಸೋರಿ ಕೀವಾಗುತ್ತದೆ, ನಂಜು ರಕ್ತಕ್ಕೆ ಸೇರುತ್ತದೆ. ಒಂದೊಂದು ತಾಸು ತಡವಾದಷ್ಟೂ ಬದುಕುವ ಅವಕಾಶ ಕಡಿಮೆ.

ಗುರುತು ಹೇಗೆ?

• ಚೂರಿಯಲ್ಲಿ ಇರಿದ ಹಾಗೆ ಒಮ್ಮೆಲೇ ಶುರುವಾಗುವ ನೋವು.
• ಹೊಟ್ಟೆ ಹಲಗೆಯಂತೆ ಗಟ್ಟಿ. ಮುಟ್ಟಿದರೆ, ಕೆಮ್ಮಿದರೆ, ಅಲುಗಿದರೆ ತಡೆಯಲಾರದ ನೋವು.
• ವಾಂತಿ, ತಣ್ಣನೆಯ ಬೆವರು, ಓಡುವ ನಾಡಿ. ಕೆಲವರಿಗೆ ಭುಜದ ತುದಿಯಲ್ಲೂ ನೋವು.

ಒಂದು ಮೋಸವಿದೆ. ಕೆಲವು ತಾಸಿನ ನಂತರ ನೋವು ಸ್ವಲ್ಪ ಇಳಿದ ಹಾಗೆ ಕಾಣಬಹುದು. "ಈಗ ಪರವಾಗಿಲ್ಲ, ಬೆಳಿಗ್ಗೆ ನೋಡೋಣ" ಅಂತ ನಾವು ಮಲಗಿಬಿಡ್ತೀವಿ. ಒಳಗೆ ನಂಜು ಹರಡುತ್ತಲೇ ಇರುತ್ತದೆ. ವಯಸ್ಸಾದವರಿಗೆ ನೋವು ಮೊದಲಿನಿಂದಲೇ ಕಡಿಮೆ ಇರಬಹುದು.

ಎಕ್ಸ್-ರೇ ಏನು ತೋರಿಸುತ್ತದೆ?

1895ರಲ್ಲಿ ಜರ್ಮನಿಯ ರಾಂಟ್‌ಜನ್ ಎಂಬ ವಿಜ್ಞಾನಿ ಈ ಕಿರಣ ಕಂಡುಹಿಡಿದು ತನ್ನ ಹೆಂಡತಿಯ ಕೈಯ ಚಿತ್ರ ತೆಗೆದ. ಮೂಳೆಗಳೂ ಬೆರಳಿನ ಉಂಗುರವೂ ಅದರಲ್ಲಿ ಕಂಡವು. ಎಕ್ಸ್-ರೇ ಅಂದರೆ ಮೂಳೆ ನೋಡಲಿಕ್ಕೆ ಮಾತ್ರ ಅಂತ ಇಂದಿಗೂ ಹಲವರ ಎಣಿಕೆ. ಆದರೆ ಅದರಲ್ಲಿ ಗಾಳಿಯೂ ಕಾಣುತ್ತದೆ, ಕಪ್ಪಾಗಿ.

ಗಾಳಿ ಇರಬೇಕಾದದ್ದು ಜಠರ, ಕರುಳಿನ ಒಳಗೆ. ತೂತಾದರೆ ಅದು ಹೊರಬಂದು ಮೇಲಕ್ಕೇರುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಪರದೆಯಂತಿರುವ ವಪೆಯ ಕೆಳಗೆ ಹೋಗಿ ನಿಲ್ಲುತ್ತದೆ. ಬಲಗಡೆ ವಪೆಗೂ ಲಿವರ್‌ಗೂ ಮಧ್ಯೆ ಬಿದಿಗೆ ಚಂದ್ರನಂಥ ಕಪ್ಪು ಗೆರೆ ಕಂಡರೆ ತೂತಾಗಿದೆ ಎಂದು ವೈದ್ಯರು ಅನುಮಾನಿಸುತ್ತಾರೆ. ಎಡಗಡೆ ಜಠರದ ಗಾಳಿ ಎಲ್ಲರಿಗೂ ಕಾಣುವುದುಂಟು, ಅದು ರೋಗವಲ್ಲ.

ಅದಕ್ಕೇ ಈ ಚಿತ್ರವನ್ನು ನಿಲ್ಲಿಸಿ ಅಥವಾ ನೆಟ್ಟಗೆ ಕೂರಿಸಿ ತೆಗೆಯುತ್ತಾರೆ. ಗಾಳಿ ಮೇಲೇರಲು ಮೊದಲೇ ಐದು-ಹತ್ತು ನಿಮಿಷ ಹಾಗೇ ಇರಿಸುತ್ತಾರೆ. "ಇಷ್ಟು ನೋವಿರುವವಳನ್ನು ಯಾಕೆ ನಿಲ್ಲಿಸ್ತೀರಿ?" ಅಂತ ಜಗಳ ಮಾಡಬೇಡಿ, ಹಿಡಿದುಕೊಂಡು ಸಹಾಯ ಮಾಡಿ. ನಿಲ್ಲಲು ಆಗದವರನ್ನು ಎಡಮಗ್ಗುಲಾಗಿ ಮಲಗಿಸಿ ತೆಗೆಯುತ್ತಾರೆ. ಸರ, ಕರಿಮಣಿ, ಪಿನ್ನು ಚಿತ್ರಕ್ಕೆ ಅಡ್ಡ ಬರುತ್ತವೆ, ಕೇಳಿದರೆ ತೆಗೆದುಕೊಡಿ. ಗರ್ಭಿಣಿಯಾಗಿದ್ದರೆ, ಮುಟ್ಟು ತಪ್ಪಿದ್ದರೆ ನಾಚದೆ ಹೇಳಿ. ಇತ್ತೀಚೆಗೆ ಹೊಟ್ಟೆಯ ಆಪರೇಷನ್ ಆಗಿದ್ದರೂ ಹೇಳಿ. ಆಗ ಕೆಲವು ದಿನ ಹೊಟ್ಟೆಯೊಳಗೆ ಗಾಳಿ ಉಳಿದಿರುತ್ತದೆ.

ಹುಣ್ಣು ತೂತಾದ ಹತ್ತು ಮಂದಿಯಲ್ಲಿ ಎರಡು-ಮೂರು ಮಂದಿಗೆ ಎಕ್ಸ್-ರೇಯಲ್ಲಿ ಗಾಳಿ ಕಾಣದೇ ಇರಬಹುದು. ಅಪೆಂಡಿಕ್ಸ್ ಒಡೆದಾಗಲಂತೂ ಕಾಣುವುದು ಅಪರೂಪ. ಆದ್ದರಿಂದ "ಎಕ್ಸ್-ರೇ ಸರಿ ಇದೆ" ಅಂದರೂ ನೋವು ಹಾಗೇ ಇದ್ದರೆ ಮನೆಗೆ ಬರಬೇಡಿ. ಸಿ.ಟಿ. ಸ್ಕ್ಯಾನ್ ಬೇಕೇ ಎಂದು ಕೇಳಿ.

ಏನು ಮಾಡಬೇಕು?

• 108ಕ್ಕೆ ಫೋನ್ ಮಾಡಿ. ಎಕ್ಸ್-ರೇ ಮತ್ತು ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೇ ಹೋಗಿ.
• ನುಂಗಿದ ಮಾತ್ರೆಗಳ ಖಾಲಿ ಪಟ್ಟಿ ಜೊತೆಗೆ ಒಯ್ಯಿರಿ. ಜ್ವರ ಎಷ್ಟು ದಿನದಿಂದ ಅಂತ ತಿಳಿಸಿ.
• ರೇಷನ್ ಕಾರ್ಡ್, ಆಧಾರ್, ಆಯುಷ್ಮಾನ್ ಕಾರ್ಡ್ ಒಂದೇ ಚೀಲದಲ್ಲಿ ಇಟ್ಟಿರಿ.

ಏನು ಮಾಡಬಾರದು?

• ಊಟ, ನೀರು, ಸೋಡಾ, ಕಷಾಯ ಕೊಡಬೇಡಿ.
• ಭೇದಿ ಮಾತ್ರೆ, ಎನಿಮಾ ಬೇಡ. ಹೊಟ್ಟೆ ತಿಕ್ಕಬೇಡಿ, ಬರೆ ಹಾಕಬೇಡಿ.
• ನೋವಿನ ಮಾತ್ರೆ ನುಂಗಿಸಬೇಡಿ. ನೋವಿಗೆ ಬೇಕಾದ ಔಷಧ ವೈದ್ಯರೇ ಕೊಡುತ್ತಾರೆ.

ಸಂಘದ ಕೆಲಸ

ಹೆಂಗಸರು ನೋವು ಹೇಳುವುದೇ ತಡ. ಅಡುಗೆ ಆಗಲಿ, ಹಾಲು ಕರೆದಾಗಲಿ, ಗಂಡ ಬರಲಿ ಅಂತ ಕಾಯ್ತಾರೆ. ಬೈಬಲಿನ ಒಳ್ಳೆಯ ಸಮಾರಿಯದವನು ಗಾಯಾಳುವನ್ನು ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ, ಖರ್ಚನ್ನೂ ಕೊಟ್ಟ. ವಾಹನ ಮತ್ತು ಹಣ, ಇವೆರಡನ್ನೂ ಸಂಘ ಮೊದಲೇ ಸಿದ್ಧಮಾಡಿ ಇಡಬಹುದು.

ಚರ್ಚೆಗೆ ಪ್ರಶ್ನೆಗಳು

1. ರಾತ್ರಿ ಹೊತ್ತಿನಲ್ಲೂ ಎಕ್ಸ್-ರೇ, ಆಪರೇಷನ್ ಆಗುವ ಹತ್ತಿರದ ಆಸ್ಪತ್ರೆ ಯಾವುದು? ಎಷ್ಟು ದೂರ?
2. ನಮ್ಮಲ್ಲಿ ಯಾರು ಯಾರು ಚೀಟಿ ಇಲ್ಲದೆ ದಿನವೂ ನೋವಿನ ಮಾತ್ರೆ ನುಂಗುತ್ತಿದ್ದೇವೆ?
3. ತುರ್ತು ಸಾಲ ಅದೇ ರಾತ್ರಿ ಕೈಗೆ ಸಿಗಲು ಯಾವ ನಿರ್ಣಯ ಬರೆಯಬೇಕು? ಇಂದೇ ನಡಾವಳಿ ಪುಸ್ತಕದಲ್ಲಿ ಬರೆಯಿರಿ.